ವಾಷರ್ ನೀರು ಬರ್ತಿಲ್ಲ, ಮೋಟಾರ್ ಬದಲಿಸಬೇಕಾ?

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್ ಕಾರನ್ನು ಕೆಲವು ತಿಂಗಳು ಓಡಿಸದೆ ನಿಲ್ಲಿಸಿದ್ದೆ. ಈಗ ಲಿವರ್ ಎಳೆದರೆ ವೈಪರ್ ಒಣ ಗಾಜಿನ ಮೇಲೆ ಕಿರ್ ಅಂತ ಆಡುತ್ತದೆ, ನೀರು ಒಂದು ಹನಿಯೂ ಬರುವುದಿಲ್ಲ. ಹಿಂದಿನ ಗಾಜಿಗೂ ಬರುತ್ತಿಲ್ಲ. ಟ್ಯಾಂಕ್ ತುಂಬಿದೆ. ಮೆಕ್ಯಾನಿಕ್ ಬಾನೆಟ್ ಕೂಡ ತೆಗೆಯದೆ 'ಮೋಟಾರ್ ಹೋಗಿದೆ' ಅಂದರು. ಹೊಸದು ಹಾಕಿಸುವ ಮುಂಚೆ ನಾನೇ ಏನಾದರೂ ನೋಡಬಹುದೇ?

ಉತ್ತರ: ಖಂಡಿತ ನೋಡಬಹುದು, ನೋಡಲೇಬೇಕು. ಚೆನ್ನಾಗಿರುವ ಮೋಟಾರನ್ನು ಕಿತ್ತು ಹೊಸದು ಹಾಕಿದ್ದನ್ನು ನಾನು ತುಂಬಾ ಕಡೆ ಕಂಡಿದ್ದೇನೆ. ಟ್ಯಾಂಕಿನ ಕೊಳೆ ಹಾಗೇ ಇದ್ದರೆ ಹೊಸ ಮೋಟಾರೂ ಅದನ್ನೇ ಎಳೆದುಕೊಂಡು ಸ್ವಲ್ಪ ದಿನದಲ್ಲೇ ಮತ್ತೆ ಕಟ್ಟಿಕೊಳ್ಳುತ್ತದೆ.

ಮೊದಲ ಕೆಲಸ ಕಿವಿಯದು. ಎಂಜಿನ್ ಚಾಲೂ ಮಾಡಬೇಡಿ, ಇಗ್ನಿಷನ್ ಮಾತ್ರ ಆನ್ ಮಾಡಿ. ಒಣ ಗಾಜಿನ ಮೇಲೆ ವೈಪರ್ ಆಡಿದರೆ ರಬ್ಬರ್ ಹಾಳಾಗುತ್ತದೆ, ಅದಕ್ಕೆ ಗಾಜಿನ ಮೇಲೆ ಒಂದು ಮಗ್ ನೀರು ಸುರಿದುಕೊಳ್ಳಿ. ಒಬ್ಬರು ಒಳಗೆ ಕೂತು ಲಿವರ್ ಎಳೆಯಲಿ, ನೀವು ಟ್ಯಾಂಕ್ ಇರುವ ಕಡೆ ಕಿವಿ ಕೊಡಿ. ಬಹಳಷ್ಟು ಕಾರುಗಳಲ್ಲಿ ಟ್ಯಾಂಕ್ ಮುಂದಿನ ಬಂಪರಿನ ಮೂಲೆಯಲ್ಲಿ, ಚಕ್ರದ ಹತ್ತಿರ ಇರುತ್ತದೆ. ಮೋಟಾರ್ ಅದರ ಬುಡದಲ್ಲೇ ಕೂತಿರುತ್ತದೆ. ವೈಪರ್ ಸದ್ದಿನಲ್ಲಿ ಇದರ ಸದ್ದು ಮುಚ್ಚಿಹೋಗುತ್ತದೆ. ಸಾಮಾನ್ಯವಾಗಿ ಲಿವರ್ ಎಳೆದ ಕೂಡಲೇ ಮೋಟಾರ್ ಶುರುವಾಗಿ, ವೈಪರ್ ಸ್ವಲ್ಪ ತಡವಾಗಿ ಹೊರಡುತ್ತದೆ. ಆ ಮೊದಲ ಕ್ಷಣದಲ್ಲಿ 'ಗುಂಯ್' ಅಂತ ಬರುತ್ತದಾ ಗಮನಿಸಿ.

ಸದ್ದು ಬಂದರೆ ಮೋಟಾರ್ ಬದುಕಿದೆ, ತೊಂದರೆ ನೀರಿನ ದಾರಿಯಲ್ಲಿದೆ. ಬರದಿದ್ದರೆ ಕರೆಂಟಿನ ದಾರಿ ಹಿಡಿಯಬೇಕು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಹಿಂದೆ ಮುಂದೆ ಎರಡೂ ಕಡೆ ನೀರಿಲ್ಲ ಅಂದಿರಿ. ಅದು ಒಳ್ಳೆ ಸುಳಿವು. ಹಿಂದಿನ ವಾಷರ್ ಇರುವ ಎಷ್ಟೋ ಕಾರುಗಳಲ್ಲಿ ಒಂದೇ ಮೋಟಾರಿಗೆ ಎರಡು ಬಾಯಿ. ಅದು ಒಂದು ಕಡೆ ತಿರುಗಿದರೆ ಮುಂದಿನ ಗಾಜಿಗೆ, ಉಲ್ಟಾ ತಿರುಗಿದರೆ ಹಿಂದಿನ ಗಾಜಿಗೆ ನೀರು. ಒಂದು ಕಡೆ ಮಾತ್ರ ನಿಂತಿದ್ದರೆ ಆ ಕಡೆಯ ಪೈಪನ್ನೋ ನಾಝಲನ್ನೋ ಅನುಮಾನಿಸುತ್ತಿದ್ದೆ. ಎರಡೂ ಒಟ್ಟಿಗೆ ನಿಂತಿವೆ, ಕಾರು ತಿಂಗಳುಗಟ್ಟಲೆ ನಿಂತಿತ್ತು ಅಂದರೆ ನನ್ನ ಕಣ್ಣು ಹೋಗುವುದು ಟ್ಯಾಂಕಿನ ಬುಡಕ್ಕೆ.

ಅಲ್ಲಿ ಆಗುವುದು ಇಷ್ಟು. ಬರೀ ನೀರು ತುಂಬಿದ ಟ್ಯಾಂಕ್ ಸುಮ್ನೆ ನಿಂತರೆ ಒಳಗೆ ಪಾಚಿ, ಲೋಳೆ ಬೆಳೆಯುತ್ತದೆ. ಮೋಟಾರಿನ ಮೂತಿ ಒಂದು ರಬ್ಬರ್ ಬುಷ್ಷಿನೊಳಗೆ ತೂರಿಕೊಂಡಿರುತ್ತದೆ, ಬಹಳ ಕಾರುಗಳಲ್ಲಿ ಆ ಬುಷ್ಷಿನಲ್ಲೇ ಸಣ್ಣ ಜಾಲರಿ ಇರುತ್ತದೆ. ಲೋಳೆ ಎಲ್ಲ ಬಂದು ಕೂರುವುದು ಆ ಜಾಲರಿಗೆ. ಮೋಟಾರ್ ಗುಂಯ್ ಅನ್ನುತ್ತಲೇ ಇರುತ್ತದೆ, ನೀರು ಮಾತ್ರ ಒಳಗೆ ಬರುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ, ಮೋಟಾರನ್ನು ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ, ಬಂದುಬಿಡುತ್ತದೆ. ಆಮೇಲೆ ಬುಷ್ ತೆಗೆದು ಬೆಳಕಿಗೆ ಹಿಡಿಯಿರಿ. ಜಾಲರಿಯ ಮೇಲೆ ಹಸಿರು ಪೊರೆ ಕಟ್ಟಿ ಆಚೆಯ ಬೆಳಕೇ ಕಾಣದಿದ್ದರೆ ಕಳ್ಳ ಸಿಕ್ಕ ಹಾಗೆ. ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಟ್ಯಾಂಕಿಗೂ ನೀರು ಬಿಟ್ಟು ಚೆನ್ನಾಗಿ ಅಲ್ಲಾಡಿಸಿ ತೊಳೆಯಿರಿ, ಇಲ್ಲದಿದ್ದರೆ ಉಳಿದ ಲೋಳೆ ನಾಳೆ ಮತ್ತೆ ಅಲ್ಲೇ ಬಂದು ಕೂರುತ್ತದೆ. ವಾಪಸ್ ಹಾಕುವಾಗ ಬುಷ್ಷಿಗೆ ನೀರು ಸವರಿದರೆ ಸಾಕು. ಎಂಜಿನ್ ಆಯಿಲ್, ಗ್ರೀಸ್ ಬೇಡ, ಎಣ್ಣೆಗೆ ಕೆಲವು ರಬ್ಬರ್ ಉಬ್ಬಿಹೋಗುತ್ತದೆ.

ಜಾಲರಿ ಚೊಕ್ಕವಾಗಿದ್ದರೆ ಪೈಪಿನ ಕಡೆ ಹೋಗಿ. ಬಾನೆಟ್ ಎತ್ತಿ, ನಾಝಲಿಗೆ ಸಿಕ್ಕಿಸಿದ ಕಪ್ಪು ಪೈಪ್ ಬಿಚ್ಚಿ ಅದರ ತುದಿಯನ್ನು ಬಾಟಲಿಗೆ ಹಿಡಿದು ಲಿವರ್ ಎಳೆಸಿ. ನೀರು ಜೋರಾಗಿ ಬಂದರೆ ನಾಝಲ್ ಕಟ್ಟಿದೆ. ಬರದಿದ್ದರೆ ಹಿಂದಕ್ಕೆ ಒಂದೊಂದೇ ಜೋಡಣೆ ಬಿಚ್ಚುತ್ತಾ ಹೋಗಿ. ಬಾನೆಟ್ಟಿನ ಕೀಲಿನ ಹತ್ತಿರ ಪೈಪ್ ದಿನವೂ ಮಡಚಿ ಬಿಚ್ಚಿ ಸೀಳುವುದು ಜಾಸ್ತಿ. ನಿಂತ ಕಾರಾದ್ದರಿಂದ ಇಲಿ ಕಡಿದಿದೆಯಾ ಅಂತಲೂ ನೋಡಿ. ಪೈಪಿನ ನಡುವೆ ಬೆರಳ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ವಾಲ್ವ್ ಇದ್ದರೆ ಅದು ನೀರನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು, ಅದೂ ಕಚ್ಚಿಕೊಳ್ಳುತ್ತದೆ. ಮೋಟಾರ್ ಓಡಿದಾಗ ಟ್ಯಾಂಕಿನ ನೀರು ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಇಳಿಯದಿದ್ದರೆ ಕಟ್ಟಿದೆ.

ಒಂದು ಮಾತು ದಯವಿಟ್ಟು ಮರೀಬೇಡಿ. ಪೈಪಿಗೆ ಬಾಯಿ ಹಾಕಿ ಊದಬೇಡಿ, ಹೀರಬೇಡಿ. ಕೆಲವು ವಾಷರ್ ದ್ರವಗಳಲ್ಲಿ ಮೆಥನಾಲ್ ಇರುತ್ತದೆ, ಅದು ಕಣ್ಣು ಕಳೆಯುವ, ಜೀವ ತೆಗೆಯುವ ವಿಷ. ಸೂಜಿ ಇಲ್ಲದ ದೊಡ್ಡ ಸಿರಿಂಜ್ ಸಾಕು. ಮೋಟಾರ್ ಕಡೆಯಿಂದ ಪೈಪ್ ಬಿಚ್ಚಿಟ್ಟೇ ಗಾಳಿ ಹಾಯಿಸಿ.

ಇನ್ನು ಸದ್ದೇ ಇಲ್ಲದಿದ್ದರೆ? ಫ್ಯೂಸ್ ನೋಡಿ. ವೈಪರ್ ಆಡುತ್ತಿದೆಯಲ್ಲ, ಫ್ಯೂಸ್ ಸರಿಯೇ ಇರಬೇಕು ಅಂದುಕೊಳ್ಳಬೇಡಿ. ಕೆಲವು ಕಾರುಗಳಲ್ಲಿ ವಾಷರಿಗೆ ಬೇರೆ ಫ್ಯೂಸ್ ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ, ಜಾಸ್ತಿಯದ್ದು ಬೇಡವೇ ಬೇಡ. ಆಮೇಲೆ ಮೋಟಾರಿನ ಪ್ಲಗ್ ಬಿಚ್ಚಿ. ಪಿನ್ನುಗಳ ಮೇಲೆ ಹಸಿರು ಪುಡಿ ಕಂಡರೆ ಉಜ್ಜಿ ತೆಗೆಯಿರಿ, ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಪ್ಲಗ್ಗಿನ ಎರಡು ತುದಿಗೆ ಮುಟ್ಟಿಸಿ, ಲಿವರ್ ಎಳೆಸಿ. ಸುಮಾರು 12 ವೋಲ್ಟ್ ಬರಬೇಕು. ಒಂದೇ ಮೋಟಾರಿನ ಕಾರಾದರೆ ಹಿಂದಿನ ವಾಷರ್ ಒತ್ತಿದಾಗ ಅದೇ ಅಂಕಿ ಮುಂದೆ ಮೈನಸ್ ಗುರುತು ಬೀಳುತ್ತದೆ. ಮೀಟರ್ ಒಂದನ್ನೇ ನಂಬಬೇಡಿ. ಕೊಳೆತ ವೈರೂ ಮೀಟರಿಗೆ 12 ತೋರಿಸಬಲ್ಲದು, ಮೋಟಾರ್ ಎಳೆಯುವಷ್ಟು ಕರೆಂಟ್ ಕೊಡಲಾರದು. ಅಲ್ಲಿ 12 ವೋಲ್ಟಿನ ಸಣ್ಣ ಬಲ್ಬ್ ಸಿಕ್ಕಿಸಿ. ಬಲ್ಬ್ ಚೆನ್ನಾಗಿ ಉರಿದು, ಮೋಟಾರ್ ಮಾತ್ರ ತೆಪ್ಪಗಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ಬದಲಿಸಿ. ಬಲ್ಬ್ ಉರಿಯದಿದ್ದರೆ ಹೊಸ ಮೋಟಾರ್ ಹಾಕಿಯೂ ಉಪಯೋಗವಿಲ್ಲ. ಲಿವರಿನ ಸ್ವಿಚ್, ರಿಲೇ, ಅರ್ಥಿಂಗ್ ಇವನ್ನು ಆಟೋ ಎಲೆಕ್ಟ್ರಿಷಿಯನ್ ನೋಡಲಿ.

ರಿಪೇರಿ ಆಗುವವರೆಗೆ ರಾತ್ರಿ ದೂರ ಹೋಗಬೇಡಿ. ಮುಂದಿನ ಲಾರಿ ಎರಚಿದ ಕೆಸರಿನ ಮೇಲೆ ಎದುರು ಗಾಡಿಯ ಲೈಟ್ ಬಿದ್ದರೆ ರಸ್ತೆ ಪೂರ್ತಿ ಮಾಯವಾಗುತ್ತದೆ. ಒಣ ವೈಪರ್ ಅದನ್ನು ಇನ್ನಷ್ಟು ಸಾರಿಸುತ್ತದೆ ಅಷ್ಟೇ.

ಪ್ರಶ್ನೆ: ವಾಷರ್ ಟ್ಯಾಂಕಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದಾ?

ಉತ್ತರ: ಬೇಡ. ನೊರೆ ಬರುತ್ತದೆ, ನಾಝಲಿನ ತೂತಿನಲ್ಲಿ ಒಣಗಿ ಕೂರುತ್ತದೆ, ಗಾಜಿನ ಮೇಲೆ ಗೆರೆ ಬಿಡುತ್ತದೆ. ವಾಷರಿಗೆಂದೇ ಸಿಗುವ ದ್ರವ ಹಾಕಿ. ನೀರು ಬೆರೆಸಬೇಕಿದ್ದರೆ ಗಡಸು ನೀರು ಬಿಟ್ಟು ಡಿಸ್ಟಿಲ್ಡ್ ನೀರು ಬೆರೆಸಿ, ಸುಣ್ಣ ಕಟ್ಟುವುದಿಲ್ಲ. ಹಿಮ ಬೀಳುವ ಜಾಗದಲ್ಲಿ ಬರೀ ನೀರು ಬಿಡಲೇಬೇಡಿ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಮೋಟಾರಿನ ಪ್ಲಾಸ್ಟಿಕ್ ಒಡೆಯುತ್ತದೆ. ರೇಡಿಯೇಟರ್ ಕೂಲಂಟ್ ಅಂತೂ ಹಾಕಲೇಬಾರದು, ಗಾಜಿನ ಮೇಲೆ ಜಿಡ್ಡಿನ ಪದರ ಕೂರುತ್ತದೆ.

ಪ್ರಶ್ನೆ: ನೀರು ಗಾಜು ಬಿಟ್ಟು ಕಾರಿನ ತಲೆ ಮೇಲಿಂದ ಹಾರಿಹೋಗುತ್ತದೆ. ಏನು ಮಾಡಲಿ?

ಉತ್ತರ: ನಾಝಲಿನಲ್ಲಿ ಸಣ್ಣ ಗುಂಡು ಕಂಡರೆ ಅದರ ತೂತಿಗೆ ಗುಂಡುಸೂಜಿ ತೂರಿಸಿ ಕೂದಲೆಳೆಯಷ್ಟು ಕೆಳಗೆ ತಿರುಗಿಸಿ. ತೀರಾ ಕೆಳಗೂ ಬೇಡ. ವೇಗದಲ್ಲಿ ಗಾಳಿ ನೀರನ್ನು ಇನ್ನಷ್ಟು ಕೆಳಕ್ಕೆ ಒತ್ತುತ್ತದೆ, ಅದಕ್ಕೆ ನಿಂತ ಕಾರಿನಲ್ಲಿ ನೀರು ಗಾಜಿನ ನಡುವಿಗಿಂತ ಸ್ವಲ್ಪ ಮೇಲೆ ಬೀಳಬೇಕು. ಬೀಸಣಿಗೆಯಂತೆ ಹರಡಿ ಚಿಮ್ಮುವ ನಾಝಲಾದರೆ ಸೂಜಿ ಹಾಕಬೇಡಿ, ಒಳಗಿನ ಪ್ಲಾಸ್ಟಿಕ್ ಚೂರು ಗೀಚಿಹೋಗುತ್ತದೆ. ಕೆಲವದರಲ್ಲಿ ಹೊಂದಿಸಲು ಪಕ್ಕದಲ್ಲೇ ಪುಟ್ಟ ಸ್ಕ್ರೂ ಇರುತ್ತದೆ.