ಗೆದ್ದಲು ಕಾಟ ಇರೋ ಕಡೆ ಮರದ ಬೇಲಿನಾ, ಕಾಂಪೋಸಿಟ್ ಬೇಲಿನಾ?

ಪ್ರಶ್ನೆ: ಅಣ್ಣಾ ನಮಸ್ಕಾರ. ಚಿಂತಾಮಣಿ ಹತ್ರ 40-60 ಸೈಟಲ್ಲಿ ಮನೆ ಕಟ್ಟಿ ಹೋದ ವರ್ಷ ಗೃಹಪ್ರವೇಶ ಮಾಡಿದ್ವಿ, ಮುಂದೆ ಜಾಗ ಬಿಟ್ಕೊಂಡು ರೋಜಾ, ಕನಕಾಂಬರ, ಒಂದು ಮೂಲೇಲಿ ಬದನೆ, ಟೊಮೇಟೊ ಹಾಕಿದೀನಿ. ಕಾಂಪೌಂಡು ಮೂರು ಕಡೆ ಮಾತ್ರ ಇದೆ, ರಸ್ತೆ ಕಡೆ ಇಲ್ಲ, ಮೇಕೆಗಳು ನುಗ್ಗಿ ಎಲ್ಲಾ ಮೇಯ್ಕೊಂಡು ಹೋಗ್ತವೆ. ನಮ್ಮನೆಯವರು ನೀಲಗಿರಿ ಹಲಗೆ ಹೊಡೆಸಿ ಪೇಂಟ್ ಮಾಡ್ಸೋಣ, ಕಮ್ಮೀಲಿ ಮುಗಿಯುತ್ತೆ ಅಂತಾರೆ. ಬೆಂಗಳೂರಲ್ಲಿರೋ ತಮ್ಮ ಕಾಂಪೋಸಿಟ್ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಹಾಕ್ಸು, ಒಂದ್ಸಲ ಹಾಕಿದ್ರೆ ಮತ್ತೆ ನೋಡೋ ಹಾಗಿಲ್ಲ ಅಂತಾನೆ. ಇಲ್ಲಿ ಗೆದ್ದಲು ಸಿಕ್ಕಾಪಟ್ಟೆ. ನಲವತ್ತಡಿ ಉದ್ದ, ನಾಲ್ಕಡಿ ಎತ್ತರ ಬೇಕು. ಮಲ್ಲಿಗೆ ಬಳ್ಳಿ ಹಬ್ಬಿಸೋ ಆಸೆನೂ ಇದೆ. ಯಾವುದು ಹಾಕ್ಸಲಿ?
— ಒಬ್ಬ ಓದುಗರು, ಚಿಂತಾಮಣಿ

ಉತ್ತರ: ನೋಡಮ್ಮ, ನೀವೂ ನಿಮ್ಮನೆಯವರೂ ನಿಮ್ಮ ತಮ್ಮನೂ ಮೂರು ಜನಾನೂ ಹಲಗೆ ಬಗ್ಗೆ ಮಾತಾಡ್ತಿದೀರ, ಕಂಬದ ಬಗ್ಗೆ ಯಾರೂ ಮಾತಾಡ್ತಿಲ್ಲ. ನಮ್ಮ ಕಡೆ ಬೇಲಿ ಹಾಳಾಗೋದು ಮೇಲಿಂದ ಅಲ್ಲ, ಮಣ್ಣಿಂದ.

ಕೋಲಾರದಲ್ಲಿ ನಮ್ಮನೆ ಹಿತ್ತಲಿಗೆ ನಾನೂ ಮೊದಲು ನೀಲಗಿರಿ ಕಂಬ ನೆಟ್ಟು ನೀಲಗಿರಿ ಹಲಗೇನೇ ಹೊಡೆಸಿದ್ದೆ, ಹಸಿರು ಪೇಂಟ್ ಎರಡು ಕೋಟ್. ಎರಡನೇ ಮಳೆಗಾಲ ಕಳೆದ ಮೇಲೆ ಒಂದಿನ ಹೂ ಕೀಳೋಕೆ ಅಂತ ಕಂಬ ಹಿಡ್ಕೊಂಡೆ ನೋಡಿ, ಹೆಬ್ಬೆಟ್ಟು ಸೀದಾ ಒಳಗೇ ಹೋಯ್ತು. ಹೊರಗಡೆ ಬಣ್ಣ ಹೊಸದರ ಥರಾನೇ ಇದೆ, ಒಳಗೆಲ್ಲ ಒದ್ದೆ ಕೆಮ್ಮಣ್ಣು, ಅದರಲ್ಲಿ ಬಿಳೀ ಹುಳ ಹರಿದಾಡ್ತಿವೆ. ಪೇಂಟು ಗೆದ್ದಲನ್ನ ತಡೀಲಿಲ್ಲ, ನಮ್ಮ ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟಿತ್ತು. ಅವತ್ತಿಂದ ನಾನು ಯಾರು ಕೇಳಿದ್ರೂ ಹೇಳೋದು ಒಂದೇ, ಮರ ಮಣ್ಣಿಗೆ ತಾಗಬಾರದು.

ಅದಕ್ಕೆ ನಮ್ಮ ಸೀಮೇಲಿ ದುಡ್ಡು ಕೊಟ್ಟು ದೂರದಿಂದ ಏನೂ ತರಿಸಬೇಕಿಲ್ಲ. ದ್ರಾಕ್ಷಿ ಚಪ್ಪರಕ್ಕೆ, ತೋಟದ ಬೇಲಿಗೆ ನಿಲ್ಲಿಸ್ತಾರಲ್ಲ ಕಲ್ಲು ಕೂಚ, ಅದನ್ನೇ ಆರಡಿದು ತಗೊಳ್ಳಿ, ಒಂದೂವರೆ ಎರಡಡಿ ಹೂತು, ಆರಡಿಗೊಂದರಂತೆ ನಿಲ್ಲಿಸಿ. ಕಲ್ಲಿಗೆ ಅಂಚಲ್ಲಿ ಡ್ರಿಲ್ ಹೊಡೆಸ್ಬೇಡಿ, ಸೀಳಿಬಿಡುತ್ತೆ, ಸುತ್ತ ಕ್ಲಾಂಪ್ ಹಾಕಿ ಅಡ್ಡಪಟ್ಟಿ ಕಟ್ಟಿಸಿ. ಗೆದ್ದಲು ಕಲ್ಲಿನ ಮೇಲೂ ಹತ್ತುತ್ತೆ, ಹತ್ತಲ್ಲ ಅಂತ ಅಲ್ಲ, ಆದ್ರೆ ಕಲ್ಲಿನ ಮೇಲೆ ಹತ್ತೋವಾಗ ಮಣ್ಣಿನ ಗೆರೆ ಕಟ್ಕೊಂಡೇ ಹತ್ತಬೇಕು, ಅದು ನಿಮ್ಮ ಕಣ್ಣಿಗೆ ಬೀಳುತ್ತೆ, ಪೊರಕೇಲಿ ಗುಡಿಸಿ ಹಾಕಬಹುದು. ಮರದ ಕಂಬದೊಳಗಿಂದ ಬಂದ್ರೆ ಗೊತ್ತೇ ಆಗಲ್ಲ. ಹಲಗೆ ಕೆಳಗಿನ ಅಂಚು ನೆಲದಿಂದ ಮೂರಿಂಚು ಮೇಲಿರಲಿ, ಆ ಸಂದೀಲಿ ಮೇಕೆ ಬರಲ್ಲ. ಮತ್ತೆ ಅಲ್ಲಿ ತರಗು, ಗೊಬ್ಬರ ರಾಶಿ ಬೀಳದ ಹಾಗೆ ನೋಡ್ಕೊಳ್ಳಿ, ರಾಶಿ ಹಲಗೆಗೆ ಮುಟ್ಟಿದ್ರೆ ಕಲ್ಲುಕಂಬ ಹಾಕ್ಸಿದ್ದೂ ದಂಡ.

ಈಗ ಹಲಗೆ ವಿಚಾರಕ್ಕೆ ಬರೋಣ. ನೀಲಗಿರಿ ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟು ಸಿಗುತ್ತೆ, 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದು ಬೇಡ ಅಂದ ಮೇಲೂ ಹಳೇ ತೋಪುಗಳ ಮರ ಬರ್ತಾನೇ ಇದೆ. ಆದ್ರೆ ಅದನ್ನ ಹಸೀಲಿ ಕುಯ್ದು ಹೊಡೆದ್ರೆ ಒಣಗ್ತಾ ಒಣಗ್ತಾ ತಿರುಚ್ಕೊಳ್ಳುತ್ತೆ, ಸೀಳು ಬಿಡುತ್ತೆ, ಮೊಳೆ ಎದ್ದು ಬರುತ್ತೆ. ನಾಲ್ಕೈದು ತಿಂಗಳು ನೆರಳಲ್ಲಿ ಗಾಳಿ ಆಡೋ ಹಾಗೆ ಅಟ್ಟಿ ಹಾಕಿ ಒಣಗಿಸಿದ್ದಾದ್ರೆ ಪರವಾಗಿಲ್ಲ. ತೇಗ ಒಳ್ಳೇದು, ಆದ್ರೆ ಚೇಗು, ಅಂದ್ರೆ ಮರದ ನಡುವಿನ ಗಟ್ಟಿ ಭಾಗ ಮಾತ್ರ ಒಳ್ಳೇದು, ಸುತ್ತ ಇರೋ ಬೆಳ್ಳಗಿನ ಭಾಗಾನ ಗೆದ್ದಲು ಬಿಡಲ್ಲ, ಕಮ್ಮಿ ರೇಟಿಗೆ ತೇಗ ಅಂತ ಕೊಡೋದು ಬಹಳ ಸಲ ಆ ಭಾಗಾನೇ. ಹಳೇ ಮನೆ ಕೆಡವಿದ ಕಡೆ ತೊಲೆ, ಬಾಗಿಲು ಸಿಕ್ಕಿದ್ರೆ ಕುಯ್ಸಿ ಹಲಗೆ ಮಾಡ್ಸಿ, ನನ್ನ ಕೈಲಿದ್ರೆ ನಾನು ಅದನ್ನೇ ಹಾಕೋದು. ಮರದ ದೊಡ್ಡ ಗುಣ ಏನಂದ್ರೆ ಒಂದು ಹಲಗೆ ಹೋದ್ರೆ ನಿಮ್ಮೂರ ಬಡಗಿ ಬಂದು ಅದೊಂದನ್ನೇ ಬದಲಾಯಿಸಿ ಹೋಗ್ತಾನೆ, ಗೀರು ಬಿದ್ರೆ ಉಜ್ಜಿ ಎಣ್ಣೆ ಸವರಿದ್ರೆ ಮುಗೀತು.

ಆದ್ರೆ ನಿಮಗೆ ಮಲ್ಲಿಗೆ ಹಬ್ಬಿಸ್ಬೇಕು ಅಂದ್ರಲ್ಲ, ಅಲ್ಲೇ ಇರೋದು ತೊಡಕು. ಮರಕ್ಕೆ ವರ್ಷಕ್ಕೊಂದು ಸಲ, ತಪ್ಪಿದ್ರೆ ಎರಡು ವರ್ಷಕ್ಕೊಂದು ಸಲ ಎಣ್ಣೆನೋ ಪಾಲಿಶೋ ಬೇಕೇ ಬೇಕು. ಬಳ್ಳಿ ಸುತ್ಕೊಂಡು ಮೊಗ್ಗು ಬಿಟ್ಟಿರೋವಾಗ ಅದನ್ನ ಬಿಡಿಸಿ ಎಣ್ಣೆ ಹಾಕೋಕೆ ನಿಮಗೆ ಮನಸ್ಸು ಬರುತ್ತಾ? ಬರಲ್ಲ. ಬಳ್ಳಿ ಕೆಳಗೆ ಮರ ಒದ್ದೆಯಾಗೇ ಇರುತ್ತೆ, ಬೇಗ ಲಡ್ಡಾಗುತ್ತೆ. ಅದಕ್ಕೇ ನಿಮ್ಮನೆಗೆ ಕಾಂಪೋಸಿಟ್ಟೇ ಹಾಕ್ಸಿ ಅಂತೀನಿ, ಕಲ್ಲುಕಂಬದ ಮೇಲೆ.

ಆದ್ರೆ ನಿಮ್ಮ ತಮ್ಮ ಹೇಳಿದ ಹಾಗೆ ಮತ್ತೆ ನೋಡೋದೇ ಬೇಡ ಅನ್ನೋದು ಸುಳ್ಳು. ಅದರಲ್ಲಿರೋದು ಮರದ ಪುಡಿ ಮತ್ತೆ ಪ್ಲಾಸ್ಟಿಕ್, ಹೆಚ್ಚುಕಮ್ಮಿ ಅರ್ಧಕ್ಕರ್ಧ. ಗೆದ್ದಲು ಅದನ್ನ ಮರದ ಥರ ಪೊಳ್ಳು ಮಾಡಲ್ಲ, ಆದ್ರೆ ನೆರಳಲ್ಲಿ ಪಾಚಿ ಕಟ್ಟುತ್ತೆ, ತೊಳೀಬೇಕು. ಅಂಗಡೀಲಿ ಕಾಂಪೋಸಿಟ್ಟಿಗೆ ಡಬ್ಲ್ಯುಪಿಸಿ ಅಂತಾರೆ, ಹಾಗೆ ಕೇಳಿದ್ರೆ ಬಾಗಿಲು ಚೌಕಟ್ಟಿಗೆ, ಅಡುಗೆಮನೆ ಕಬೋರ್ಡಿಗೆ ಹಾಕೋ ಹಗುರವಾದ ಪಿವಿಸಿ ಬೋರ್ಡನ್ನೇ ತೋರಿಸ್ಬಹುದು, ಅದು ಮನೆಯೊಳಗಿಗೆ, ಬಿಸಿಲಿಗಲ್ಲ. ಉಗುರಲ್ಲಿ ಒತ್ತಿದ್ರೆ ಗುರುತು ಬಿದ್ರೆ ವಾಪಸ್ ಇಡಿ. ಹೊರಗಡೆ ಬೇಲಿಗೆ, ಡೆಕ್ಕಿಗೆ ಅಂತಲೇ ಮಾಡಿರೋದನ್ನ ಕೇಳಿ, ಬಿಲ್ಲಲ್ಲಿ ಹಾಗೇ ಬರೆಸಿ, ಒಳಗೆ ಟೊಳ್ಳಿಲ್ಲದ ಗಟ್ಟಿ ಹಲಗೆ ಸಿಕ್ಕಿದ್ರೆ ಇನ್ನೂ ಒಳ್ಳೇದು, ಮೇಕೆ ಮುಂಗಾಲಿಟ್ಟು ನಿಂತ್ರೂ ತಡ್ಕೊಳ್ಳುತ್ತೆ.

ಕೂರಿಸೋದ್ರಲ್ಲಿ ಎಡವೋದೇ ಜಾಸ್ತಿ. ಮರ ಮಳೆಗೆ ಅಗಲಕ್ಕೆ ಉಬ್ಬುತ್ತೆ, ಇದು ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತೆ, ನಮ್ಮ ಬಡಗಿಗಳಿಗೆ ಅಭ್ಯಾಸ ಇರೋದು ಮೊದಲನೇದು. ಚಿಕ್ಕಬಳ್ಳಾಪುರದಲ್ಲಿ ನಮ್ಮ ಷಡ್ಡಕರ ಮನೇಲಿ ಡಿಸೆಂಬರ್ ಚಳೀಲಿ ಎಂಟಡಿ ಹಲಗೆಗಳನ್ನ ಅಡ್ಡಡ್ಡಕ್ಕೆ, ತುದಿಗೆ ತುದಿ ಒತ್ತಿ, ಬಿಗಿಯಾಗಿ ಸ್ಕ್ರೂ ಹಾಕ್ಬಿಟ್ರು, ನೋಡೋಕೆ ಚೆನ್ನಾಗಿತ್ತು, ಏಪ್ರಿಲ್ ಹೊತ್ತಿಗೆ ಬಿಲ್ಲು ಬಗ್ಗಿದ ಹಾಗೆ ಹೊರಗೆ ಬಗ್ಗಿ ಎರಡು ಸ್ಕ್ರೂ ಕಿತ್ಕೊಂಡು ಬಂದಿದ್ವು. ಎಂಟಡಿ ಹಲಗೆ ಚಳಿಗೂ ಬೇಸಿಗೆಗೂ ಎರಡು ಮೂರು ಮಿಲಿಮೀಟರ್ ಹಿಗ್ಗುತ್ತೆ, ತುದೀಲಿ ಐದಾರು ಮಿಲಿಮೀಟರ್ ಜಾಗ ಬಿಡಿ, ಸ್ಕ್ರೂ ತೂತು ಸ್ಕ್ರೂಗಿಂತ ದೊಡ್ಡದಿರಲಿ. ನೀವು ಹಲಗೆ ನಿಲ್ಲಿಸಿ ಹಾಕ್ಸಿ, ಮೂರು ಅಡ್ಡಪಟ್ಟಿ ಕೊಟ್ಟು, ಮಧ್ಯೆ ಒಂದೊಂದಿಂಚು ಸಂದು ಬಿಟ್ಟು. ಆಷಾಢದ ಗಾಳಿಗೆ ಪೂರ್ತಿ ಮುಚ್ಚಿದ ಬೇಲಿ ಹಾಯಿ ಥರ ಆಗುತ್ತೆ, ಸಂದಿದ್ರೆ ಗಾಳಿ ಹಾದು ಹೋಗುತ್ತೆ, ಬಳ್ಳಿಗೂ ಸುತ್ಕೊಳ್ಳೋಕೆ ಜಾಗ ಸಿಗುತ್ತೆ. ಅಡ್ಡಪಟ್ಟಿ ಜಿಐದು, ಅಂದ್ರೆ ಸತುವಿನ ಲೇಪ ಇರೋ ಕಬ್ಬಿಣದ್ದು ಹಾಕ್ಸಿ. ಬೇಲಿ ಬುಡದಲ್ಲಿ ತರಗಿಗೆ ಬೆಂಕಿ ಹಚ್ಚೋ ಅಭ್ಯಾಸ ಇದ್ರೆ ಬಿಟ್ಬಿಡಿ, ಬಿಸಿಗೆ ಮೆತ್ತಗಾಗಿ ಸೊಟ್ಟಗಾದ ಹಲಗೆ ಮತ್ತೆ ನೆಟ್ಟಗಾಗಲ್ಲ.

ದುಡ್ಡು ಸಾಲದಿದ್ರೆ ಈ ವರ್ಷ ಕಲ್ಲುಕಂಬ, ಜಿಐ ಪಟ್ಟಿ ಇವೆರಡನ್ನ ಮಾಡ್ಸಿ ಮೇಕೆ ತಡಿಯೋಕೆ ಮೆಶ್ ಕಟ್ಟಿ, ಹಲಗೆ ಮುಂದಿನ ವರ್ಷ ಹಾಕ್ಸಿ. ಕಮ್ಮಿ ಆಗುತ್ತೆ ಅಂತ ಕಂಬದಲ್ಲಿ ಮಾತ್ರ ಉಳಿಸೋಕೆ ಹೋಗ್ಬೇಡಿ.

ಪ್ರಶ್ನೆ: ಕಾಂಪೋಸಿಟ್ ಬೇಲಿ ಹಾಕ್ಸಿ ಆರು ತಿಂಗಳಾಯ್ತು, ಕಾಫಿ ಬಣ್ಣ ಇದ್ದಿದ್ದು ಬೂದಿ ಬೂದಿ ಆಗಿದೆ. ಮೋಸ ಹೋದೆನಾ?
— ಓದುಗರು, ಮಾಲೂರು

ಉತ್ತರ: ಅಷ್ಟಕ್ಕೇ ಮೋಸ ಅನ್ನೋಕಾಗಲ್ಲ ಸ್ವಾಮಿ. ಮೇಲೆ ಪ್ಲಾಸ್ಟಿಕ್ ಪದರ ಇಲ್ಲದ ಹಲಗೆ ಮೊದಲ ಕೆಲವು ತಿಂಗಳು ಮಂಕಾಗಿ ಆಮೇಲೆ ಒಂದು ಬಣ್ಣಕ್ಕೆ ನಿಲ್ಲುತ್ತೆ. ಪದರ ಇರೋದು ಅಷ್ಟಾಗಿ ಮಂಕಾಗಲ್ಲ. ಮೇಲೆ ಪೇಂಟ್ ಹೊಡೆಸ್ಬೇಡಿ, ಸುಲಿದು ಬರುತ್ತೆ. ಮೆತ್ತನೆ ಬ್ರಷ್ಷಲ್ಲಿ ಸೋಪ್ ನೀರು ಹಾಕಿ ತೊಳೀರಿ.

ಪ್ರಶ್ನೆ: ಮರದ ಬೇಲಿಗೆ ಗ್ಯಾರೇಜಿನ ಹಳೇ ಆಯಿಲ್ ಬಳಿದ್ರೆ ಗೆದ್ದಲು ಬರಲ್ಲ ಅಂತಾರೆ, ಬಳೀಬಹುದಾ? ಪಕ್ಕದಲ್ಲೇ ಸೊಪ್ಪಿನ ಪಾತಿ ಇದೆ.
— ಓದುಗರು, ಬಂಗಾರಪೇಟೆ

ಉತ್ತರ: ಬೇಡವೇ ಬೇಡ. ಎಂಜಿನ್ನಲ್ಲಿ ಓಡಿದ ಆಯಿಲಲ್ಲಿ ಲೋಹದ ಅಂಶ, ಸುಟ್ಟ ಎಣ್ಣೆಯ ವಿಷ ಎಲ್ಲಾ ಇರುತ್ತೆ, ಮಳೆ ಬಂದ್ರೆ ಸೀದಾ ನಿಮ್ಮ ದಂಟಿನ ಸೊಪ್ಪಿನ ಬುಡಕ್ಕೆ. ಬೋರಾಕ್ಸ್ ನೀರಲ್ಲಿ ನೆನೆಸೋದು ಮನೆಯೊಳಗಿನ ಮರಕ್ಕೆ ಸರಿ, ಹೊರಗಡೆ ಮಳೆಗೆ ತೊಳೆದು ಹೋಗುತ್ತೆ. ಅಗಸೆ ಎಣ್ಣೆ ಬಿಸಿ ಮಾಡಿ ಎರಡು ಸಲ ಸವರಿ, ಹಲಗೆಯ ಕುಯ್ದ ತುದಿಗೆ ಮೂರು ಸಲ, ನೀರು ಮೊದಲು ಹೀರೋದು ಅಲ್ಲೇ. ಅದು ಮಳೆಗೆ ರಕ್ಷಣೆ, ಗೆದ್ದಲಿಗಲ್ಲ, ಗೆದ್ದಲಿಗೆ ಮೇಲೆ ಹೇಳಿದ ಹಾಗೆ ಹಲಗೇನ ನೆಲದಿಂದ ಎತ್ತರಿಸಿ. ಪಾತಿ ಬೇಲಿಯಿಂದ ಒಂದಡಿ ದೂರ ಇರಲಿ.