ಅಪಲ್ಯಾಚಿಯದ ಕತೆಗಳನ್ನು ಬರೆದಿಡುವವರ ದಿನ ಹೇಗಿರುತ್ತದೆ?

ಅಮೆರಿಕದ ಅಪಲ್ಯಾಚಿಯ ಬೆಟ್ಟಸಾಲಿನ ಕತೆಗಳನ್ನು ಉಳಿಸುವ ಬರಹಗಾರರು ದಿನವಿಡೀ ಏನು ಮಾಡುತ್ತಾರೆ, ಬರೆದಿಟ್ಟ ಮಾತ್ರಕ್ಕೆ ಬಾಯಿಮಾತಿನ ಕತೆ ಉಳಿಯುತ್ತದಾ ಅಂತ ಕೇಳಿದ್ದೀರಿ. ನಾನು ಟೆನೆಸ್ಸಿಯ ಜಾನ್ಸನ್ ಸಿಟಿಯಲ್ಲಿರುವ ಕನ್ನಡದವಳು. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನ ದಿನವನ್ನೇ ಹೇಳುತ್ತೇನೆ.

ಬರೆಯುವುದಕ್ಕಿಂತ ಕೇಳಿಸಿಕೊಳ್ಳುವುದೇ ಜಾಸ್ತಿ. ಬೆಳಿಗ್ಗೆ ಐದಕ್ಕೆ ಎದ್ದು, ಕಾಫಿ ಮಾಡಿಕೊಂಡು, ಹೆಡ್‌ಫೋನ್ ಹಾಕಿ ಕೂರುತ್ತೇನೆ. ಒಂದು ಗಂಟೆಯ ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಲು ನನಗೆ ಏಳೆಂಟು ಗಂಟೆ ಬೇಕು. ಒಂದೇ ಮಾತನ್ನು ಹತ್ತು ಸಲ ಕೇಳುತ್ತೇನೆ. ಆಮೇಲೆ ಮಗನನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನದವರೆಗೆ ಲೈಬ್ರರಿ ಕೆಲಸ. ಮನೆ ಖರ್ಚು ನಡೆಯುವುದು ಅದರಿಂದಲೇ. ಗುರುವಾರ ಬಿಡುವು. ಅವತ್ತು ಬೆಟ್ಟದ ಮೇಲಿರುವ ಒಬ್ಬ ಅಜ್ಜಿಯ ಮನೆಗೆ ಹೋಗುತ್ತೇನೆ. ಅವರಿಗೀಗ ಎಂಬತ್ತಾರು.

ಅಜ್ಜಿ ಸುಮ್ನೆ ಕೂತು ಕತೆ ಹೇಳುವವರಲ್ಲ. ಕೈಯಲ್ಲಿ ಬೀನ್ಸ್ ಇರಬೇಕು. ನಾರು ತೆಗೆದು, ಸೂಜಿದಾರದಲ್ಲಿ ಪೋಣಿಸಿ, ಒಣಗಲು ತೂಗುಹಾಕುತ್ತಾರೆ. ಒಣಗಿ ಸುರುಟಿದ ಆ ಬೀನ್ಸಿಗೆ ಇಲ್ಲಿ ‘ಲೆದರ್ ಬ್ರಿಚಸ್’ ಎನ್ನುತ್ತಾರೆ, ಅಂದರೆ ಚರ್ಮದ ಚಲ್ಲಣ. ಮಕ್ಕಳು ಈ ಕೆಲಸ ಬಿಟ್ಟು ಓಡದಿರಲಿ ಎಂದೇ ದೊಡ್ಡವರು ಕತೆ ಹೇಳುತ್ತಿದ್ದರಂತೆ. ಕತೆ ನಿಂತರೆ ಪುಟ್ಟ ಕೈಗಳೂ ನಿಲ್ಲುತ್ತಿದ್ದವು. ಅವುಗಳಲ್ಲಿ ಹೆಸರಾದವು ಜ್ಯಾಕ್ ಎಂಬ ಬಡ ಹುಡುಗನ ಕತೆಗಳು. ವಲಸೆ ಬಂದವರ ಜೊತೆ ಸಮುದ್ರ ದಾಟಿ ಬಂದವು, ಈಗ ಇಲ್ಲಿಯವೇ ಆಗಿವೆ. ಅವುಗಳಲ್ಲಿ ಬರುವ ರಾಜನೂ ಪಕ್ಕದೂರಿನ ಸಾಹುಕಾರನ ಹಾಗೆ ಜಗಲಿಗೆ ಬಂದು ಜ್ಯಾಕ್‌ನನ್ನು ಮಾತಾಡಿಸುತ್ತಾನೆ. ಒಂದು ಕತೆಯಲ್ಲಿ ಜ್ಯಾಕ್ ಚಳಿ ತಡೆಯಲಾರದೆ, ವಾಯವ್ಯದ ಗಾಳಿ ಹೊರಡುವ ತೂತನ್ನೇ ಮುಚ್ಚಿ ಬರುತ್ತೇನೆ ಅಂತ ಹೊರಡುತ್ತಾನೆ. ನನಗೆ ಎಲ್ಲಕ್ಕಿಂತ ಇಷ್ಟ ಅದೇ.

ನನ್ನ ಮೊದಲ ರೆಕಾರ್ಡಿಂಗುಗಳಲ್ಲಿ ಒಂದು ತಪ್ಪಿದೆ. ನಮಗೆಲ್ಲ ಚಿಕ್ಕಂದಿನಿಂದ ಕತೆಗೆ ಹೂಂಗುಟ್ಟಿ ಅಭ್ಯಾಸ, ಅಲ್ವಾ? ಅಜ್ಜಿ ಉಸಿರು ತೆಗೆದುಕೊಂಡಲ್ಲೆಲ್ಲ ನನ್ನ ‘ಹೂಂ’ ಬಿದ್ದು ಎಷ್ಟೋ ಮಾತು ಮುಚ್ಚಿಹೋಗಿವೆ. ಈಗ ತಲೆ ಮಾತ್ರ ಆಡಿಸುತ್ತೇನೆ.

ಬರೆಯುವಾಗ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಗಾಳಿಯ ಕತೆ ಹೇಳುವಾಗ ಅಜ್ಜಿ ಒಂದು ಕಡೆ ತಪ್ಪದೆ ನಿಲ್ಲುತ್ತಾರೆ. ‘ಇಲ್ಲಿಗೆ ಬಂದಾಗ ನಮ್ಮ ಚಿಕ್ಕಪ್ಪ ಎದ್ದು ಒಲೆಗೆ ಸೌದೆ ಹಾಕುತ್ತಿದ್ದ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಕತೆಗೆ ಸಂಬಂಧವಿಲ್ಲ ಅಂತ ನಾನು ಅದನ್ನು ತೆಗೆದುಬಿಟ್ಟೆ. ಅದನ್ನು ಓದಿದ ಅಜ್ಜಿಯ ಮೊಮ್ಮಗಳು ಮೊದಲು ಕೇಳಿದ್ದು, ‘ಸೌದೆ ಎಲ್ಲಿ?’ ಅಂತ. ಅವಳಿಗೆ ಕತೆ ಅಂದರೆ ಆ ಚಿಕ್ಕಪ್ಪನೂ ಸೇರಿ. ಅವತ್ತು ರಾತ್ರಿ ಕೂತು ಪೂರ್ತಿ ಮತ್ತೆ ಬರೆದೆ.

ಈ ತಪ್ಪಿಗೆ ಇಲ್ಲಿ ಹಳೆಯ ಉದಾಹರಣೆಯೇ ಇದೆ. 1943ರಲ್ಲಿ ರಿಚರ್ಡ್ ಚೇಸ್ ಜ್ಯಾಕ್ ಕತೆಗಳ ಪುಸ್ತಕ ತಂದರು. ಅದರಿಂದಲೇ ಜ್ಯಾಕ್ ಹೊರಗಿನವರಿಗೆ ಪರಿಚಯವಾದ. ಆದರೆ ಅವರು ಬೇರೆಬೇರೆಯವರು ಹೇಳಿದ್ದನ್ನು ಸೇರಿಸಿ ಒಂದೊಂದು ಕತೆ ಕಟ್ಟಿದ್ದರು. ಓದಲು ಚೆಂದ, ಆದರೆ ಯಾವ ಮಾತು ಯಾರದೆಂದು ತಿಳಿಯುವುದಿಲ್ಲ. ಅದಕ್ಕೆ 20 ವರ್ಷ ಮೊದಲೇ, 1923ರಲ್ಲಿ, ಇಸಾಬೆಲ್ ಗಾರ್ಡನ್ ಕಾರ್ಟರ್ ಎಂಬುವರು ಉತ್ತರ ಕೆರೊಲಿನಾದ ಜೇನ್ ಹಿಕ್ಸ್ ಜೆಂಟ್ರಿ ಹೇಳಿದ ಕತೆಗಳನ್ನು ಬರೆದುಕೊಂಡಿದ್ದರು. 1947ರಲ್ಲಿ ಜೇನ್ ಅವರ ಮಗಳು ಮಾಡ್ ಲಾಂಗ್, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಂತಿರುವ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಜ್ಯಾಕ್ ಕತೆಗಳನ್ನು ತಮ್ಮ ದನಿಯಲ್ಲೇ ಹೇಳಿದರು. ಒಂದೇ ಮನೆಯ ಅಮ್ಮ, ಮಗಳು ಇಬ್ಬರ ಕತೆಯೂ ನಮಗೆ ಉಳಿದಿದೆ. ನಾನು ನಡೆಯಲು ಬಯಸುವುದು ಈ ದಾರಿಯಲ್ಲಿ.

ಹಾಗಾಗಿ ಯಾರು ಹೇಳಿದರು, ಯಾರಿಂದ ಕೇಳಿದ್ದರು, ಆಗ ಜೊತೆಗೆ ಯಾರಿದ್ದರು ಎಲ್ಲ ಬರೆಯುತ್ತೇನೆ. ‘ಮಾಡಬಹುದೇನೋ’ ಎನ್ನಲು ‘ಮೈಟ್ ಕುಡ್’ (might could) ಎಂದು ಎರಡು ಪದ ಸೇರಿಸುವುದು ಇಲ್ಲಿನ ಮಾತಿನ ರೀತಿ, ಅದನ್ನು ತಿದ್ದುವುದಿಲ್ಲ. ಆದರೆ ಉಚ್ಚಾರಣೆ ತೋರಿಸಲು ಸ್ಪೆಲಿಂಗ್ ಕೆಡಿಸುವುದೂ ಇಲ್ಲ. ಹಾಗೆ ಕೆಡಿಸಿ ಬರೆದು ಬರೆದೇ ಹೊರಗಿನವರು ಬೆಟ್ಟದ ಜನರನ್ನು ದಡ್ಡರಂತೆ ತೋರಿಸಿದ್ದಾರೆ. ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ರೆಕಾರ್ಡಿಂಗಿನ ಮೊದಲ ಪ್ರತಿ ಮನೆಯವರಿಗೆ. ಅವರು ಒಪ್ಪಿ ಸಹಿ ಹಾಕಿದ ಮೇಲೆಯೇ ಉಳಿದದ್ದು. ಇದು ಇಲ್ಲಿನ ಮೂಲನಿವಾಸಿಗಳಾದ ಚೆರೋಕೀ ಜನರ ನೆಲವೂ ಹೌದು, ತಲೆಮಾರುಗಳಿಂದ ಬದುಕಿರುವ ಕಪ್ಪು ಜನರ ನೆಲವೂ ಹೌದು. ಅವರ ಕತೆಗಳನ್ನು ಅವರೇ ಹೇಳುತ್ತಿದ್ದಾರೆ, ನಾನು ಕೇಳುವವಳು ಅಷ್ಟೇ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಬರೆದಿಟ್ಟರೆ ಮಾತು ಉಳಿಯುತ್ತದೆ, ಹೇಳುವುದು ಉಳಿಯುವುದಿಲ್ಲ. ಉತ್ತರ ಕೆರೊಲಿನಾದ ಬೀಚ್ ಮೌಂಟನ್‌ ಎಂಬ ಊರಿನ ಕತೆಗಾರ ರೇ ಹಿಕ್ಸ್ ಅವರಿಗೆ ಕತೆ ಬಂದದ್ದು ಮನೆಯ ಹಿರಿಯರಿಂದ. ನಮ್ಮ ಪಕ್ಕದ ಜೋನ್ಸ್‌ಬರೋದಲ್ಲಿ 1973ರಲ್ಲಿ ಶುರುವಾದ ಕತೆ ಹೇಳುವ ಹಬ್ಬದಲ್ಲಿ ಜನ ಅವರಿಗಾಗಿ ಕಾದು ಕೂರುತ್ತಿದ್ದರು. 1983ರಲ್ಲಿ ಅವರಿಗೆ ರಾಷ್ಟ್ರೀಯ ಗೌರವವೂ ಬಂತು. 2003ರಲ್ಲಿ ತೀರಿಕೊಂಡರು. ಆದರೆ ಅವರದೇ ಬಂಧುಬಳಗದ ಆರ್ವಿಲ್ ಹಿಕ್ಸ್ ಜ್ಯಾಕ್ ಕತೆಗಳನ್ನು ಹೇಳುತ್ತಾ ಬಂದರು. ನಮ್ಮ ಅಜ್ಜಿಯ ಮೊಮ್ಮಗಳು ಕೂಡ ಹೋದ ಆಗಸ್ಟಿನಲ್ಲಿ ಬೀನ್ಸ್ ಪೋಣಿಸುತ್ತಾ ಗಾಳಿಯ ಕತೆ ಹೇಳಿದಳು. ನಾನು ರೆಕಾರ್ಡರ್ ಹೊರಗೇ ತೆಗೆಯಲಿಲ್ಲ. ತುಂಬಾ ದಿನದ ಮೇಲೆ ಮನಸಾರೆ ಹೂಂಗುಟ್ಟಿದೆ.

ನಿಮಗೆ ಕೇಳುವ ಆಸೆ ಇದ್ದರೆ ಮಾಡ್ ಲಾಂಗ್ ಅವರ ದನಿಯಿಂದ ಶುರು ಮಾಡಿ. ಪುಸ್ತಕ ಆಮೇಲೆ ಓದಿದರಾಯಿತು.