ಕಿರೀಟದ ಹಿಂಬದಿಯೂ ಕಾಣ್ಬೇಕು

ಪ್ರಶ್ನೆ: ನಮಸ್ಕಾರ ಸರ್, ನಮ್ಮ ಮನೆ ಕಾಸರಗೋಡಿನ ಕುಂಬಳೆ ಹತ್ತಿರ. ಅಪ್ಪ ಯಕ್ಷಗಾನ ಮೇಳದವರಿಗೆ ಕಿರೀಟ, ಭುಜಕೀರ್ತಿ ಎಲ್ಲ ಮಾಡಿ ಕೊಡ್ತಿದ್ರು. ಈಗ ನಾನೂ ಹೆಂಡತಿಯೂ ಸೇರಿ ಶೋಕೇಸಲ್ಲಿ ಇಡ್ಲಿಕ್ಕೆ ಒಂದು ಗೇಣಿನಷ್ಟು ಎತ್ತರದ ಕಿರೀಟ ಮಾಡ್ತೇವೆ, ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟೂ ಉಂಟು. ಬೆಂಗಳೂರಿಂದ ಕೇಳುವವರು ಹಿಂದಿನ ಫೋಟೋ ಕಳ್ಸಿ, ಸೈಡಿಂದು ಕಳ್ಸಿ ಅಂತ ವಾಟ್ಸಾಪಲ್ಲಿ ಕೇಳ್ತಾನೇ ಇರ್ತಾರೆ. ಕೆಲವು ಸೈಟಲ್ಲಿ ಬೆರಳಿಂದ ಎಳೆದ್ರೆ ವಸ್ತು ತಿರುಗ್ತದಲ್ಲ, ಹಾಗೆ ಮಾಡ್ಲಿಕ್ಕೆ ಆಗ್ತದಾ? ಒಬ್ರು ತ್ರೀಡಿ ಮಾಡೆಲ್ಲೇ ಮಾಡಿಸ್ಬೇಕು ಅಂದ್ರು, ಅವ್ರು ಹೇಳಿದ ರೇಟು ನಮ್ಗೆ ಆಗುದಿಲ್ಲ. ಅಪ್ಪನ ಕೈಯಿಂದಾದ ಬಣ್ಣದ ವೇಷದ ದೊಡ್ಡ ಕಿರೀಟವೂ ಮನೆಯಲ್ಲುಂಟು, ಅದನ್ನೂ ಹಾಗೇ ತೋರಿಸ್ಬೇಕು ಅಂತ ಆಸೆ.

ಉತ್ತರ: ಖಂಡಿತ ಆಗ್ತದೆ, ತ್ರೀಡಿ ಮಾಡೆಲ್ ಬೇಡವೇ ಬೇಡ. ನಿಮ್ಮ ವಸ್ತುವಿಗೆ ಅದು ಹೊಂದುವುದೂ ಇಲ್ಲ. ಫೋಟೋಗಳಿಂದ ಮಾಡೆಲ್ ಕಟ್ಟುವ ಸಾಫ್ಟ್‌ವೇರ್ ಒಂದೇ ಚುಕ್ಕೆಯನ್ನು ಬೇರೆ ಬೇರೆ ಫೋಟೋದಲ್ಲಿ ಹುಡುಕಿ ಜೋಡಿಸುವುದು, ಕಿರೀಟದ ಬೇಗಡೆಯೂ ಕನ್ನಡಿ ಚೂರೂ ಮಿಂಚುವ ಜಾಗ ಮಾತ್ರ ಪ್ರತಿ ಫೋಟೋಗೂ ಬದಲಾಗ್ತದೆ, ಹಾಗಾಗಿ ಅಲ್ಲಲ್ಲಿ ತೂತು, ಉಬ್ಬು ಬಂದು ಮೇಣ ಕರಗಿದ ಹಾಗೆ ಕಾಣ್ತದೆ. ನೀವು ಸೈಟಲ್ಲಿ ನೋಡಿದ್ದು ಹೆಚ್ಚಾಗಿ ಬರೀ ಫೋಟೋಗಳ ಸಾಲು, ಬೆರಳು ಎಳೆದ ಹಾಗೆ ಒಂದರ ನಂತರ ಒಂದು ಬದಲಾಗ್ತದೆ ಅಷ್ಟೇ. 1995ರಲ್ಲೇ ಆಪಲ್‌ನವರ ಕ್ವಿಕ್‌ಟೈಮ್ ವಿಆರ್ ಅನ್ನುವ ಸಾಫ್ಟ್‌ವೇರಲ್ಲಿ ಇದೇ ಉಪಾಯ ಇತ್ತು.

ಎಷ್ಟು ಫೋಟೋ? 24 ತೆಗೆದ್ರೆ 15 ಡಿಗ್ರಿಗೆ ಒಂದು, 36 ಆದ್ರೆ 10 ಡಿಗ್ರಿಗೆ ಒಂದು. ನಿಮ್ಮದ್ರಲ್ಲಿ ಕುಸುರಿ ಜಾಸ್ತಿ, 36 ತೆಗೀರಿ. ಕೇಕಿಗೆ ಕ್ರೀಮ್ ಹಚ್ಚುವಾಗ ಇಡ್ತಾರಲ್ಲ ತಿರುಗುವ ಸ್ಟ್ಯಾಂಡ್, ಅದೊಂದು ತನ್ನಿ, ಚಾರ್ಟ್ ಪೇಪರ್ ದುಂಡಗೆ ಕತ್ತರಿಸಿ ಮಕ್ಕಳ ಕಂಪಾಸ್ ಬಾಕ್ಸಿನ ಕೋನಮಾಪಕದಲ್ಲಿ 10 ಡಿಗ್ರಿಗೊಂದು ಗೆರೆ ಹಾಕಿ ಅಂಟಿಸಿ. ಮೊಬೈಲನ್ನು ಟ್ರೈಪಾಡಲ್ಲಿ ಕೂರಿಸಿದ ಮೇಲೆ ಮುಗಿಯುವವರೆಗೆ ಅಲುಗಾಡಿಸ್ಲೇಬಾರ್ದು, ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸೂ ಬೆಳಕೂ ಲಾಕ್ ಮಾಡಿ, ಇಲ್ಲದಿದ್ರೆ ಒಂದು ಫೋಟೋದಲ್ಲಿ ಬೆಳಕು ಜಾಸ್ತಿ ಒಂದರಲ್ಲಿ ಕಮ್ಮಿ ಆಗಿ ತಿರುಗಿಸುವಾಗ ಮಿಣಿಮಿಣಿ ಅಂತದೆ.

ನಾನು ಒಮ್ಮೆ ಹಿತ್ತಾಳೆ ಗಿಂಡಿಯೊಂದನ್ನು ಹೀಗೆ ತೆಗೆದೆ. ಮೂತಿ ಸೇರಿಸಿ ಮಧ್ಯ ಅಂದಾಜು ಮಾಡಿ ಇಟ್ಟಿದ್ದೆ, ತಿರುಗಿಸಿ ನೋಡಿದ್ರೆ ಗಿಂಡಿ ನೀರಲ್ಲಿ ತೇಲುವ ಹಾಗೆ ಆಚೆ ಈಚೆ ಓಲಾಡ್ತಿತ್ತು, ಅದರ ಹೊಟ್ಟೆಯಲ್ಲಿ ಕಿಟಕಿ, ಟ್ಯೂಬ್‌ಲೈಟು ಎರಡೂ ನೆಟ್ಟಗೆ ಕಾಣ್ತಿತ್ತು. ಎರಡನೇ ಸಲ ಹೊಟ್ಟೆಯ ಮಧ್ಯವನ್ನೇ ಸ್ಟ್ಯಾಂಡಿನ ಮಧ್ಯಕ್ಕೆ ತಂದು ಮೂತಿಯನ್ನು ಅದರಷ್ಟಕ್ಕೆ ಬಿಟ್ಟೆ, ಲೈಟಿನ ಎದುರು ತೆಳು ಬಿಳಿ ಮುಂಡು (ಪಂಚೆ) ಕಟ್ಟಿದೆ, ಆಗ ಸರಿ ಬಂತು. ನೀವೂ ಕಿರೀಟದ ಬುಡದ ಮಧ್ಯ ನೋಡಿ ಇಡಿ, ಹಿಂದೆ ಉಬ್ಬಿದ ಭಾಗ ನೋಡಿ ಅಲ್ಲ. ಮುಂಡು ಕಟ್ಟಿ, ಆದ್ರೆ ಮಿಂಚು ಪೂರ್ತಿ ಸಾಯಿಸ್ಬೇಡಿ, ಲೈಟು ಅಲ್ಲೇ ಇದ್ದು ಕಿರೀಟ ತಿರುಗಿದಾಗ ಹೊಳಪು ಬೇಗಡೆಯ ಮೇಲೆ ಸರಿದಾಡ್ತದೆ, ರಂಗಸ್ಥಳದಲ್ಲಿ ವೇಷ ತಿರುಗುವಾಗ ಕಾಣುವ ಹಾಗೆಯೇ. ಅದು ಒಂದೇ ಫೋಟೋದಲ್ಲಿ ಯಾವತ್ತೂ ಬರ್ಲಿಕ್ಕಿಲ್ಲ, ಇಷ್ಟೆಲ್ಲ ಕಷ್ಟಪಡುದು ಅದಕ್ಕೇ.

ಮಳೆಗಾಲದಲ್ಲಿ ಹಗಲು ತೆಗೀಬೇಡಿ, ಮೋಡ ಬಂದು ಹೋಗಿ ಬೆಳಕು ಬದಲಾಗ್ತಾ ಇರ್ತದೆ. ರಾತ್ರಿ ಕಿಟಕಿ ಹಾಕಿ ಎರಡು ಎಲ್ಇಡಿಯಲ್ಲಿ ತೆಗೀರಿ. ಫೋಟೋದಲ್ಲಿ ಕಪ್ಪು ಪಟ್ಟೆ ಬಂದ್ರೆ ಅದು ಲೈಟು ಮಿನುಗುವುದ್ರಿಂದ, ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಕ್ಯಾಮೆರಾದ ಪ್ರೋ ಮೋಡಲ್ಲಿ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ.

ಆಮೇಲಿನದ್ದು ತೂಕದ ವಿಷಯ. ಮೊಬೈಲ್ ಫೋಟೋ ಒಂದೊಂದೂ 3 ಎಂಬಿ ಅಂತ ಹಿಡಿದ್ರೂ 36ಕ್ಕೆ 108 ಎಂಬಿ, ಯಾರ ಫೋನಲ್ಲೂ ತೆರೆಯುದಿಲ್ಲ. ಎಲ್ಲವನ್ನೂ ಒಂದೇ ಅಳತೆಗೆ ಒಟ್ಟಿಗೆ ಕ್ರಾಪ್ ಮಾಡಿ (ಒಂದೊಂದಾಗಿ ಮಾಡಿದ್ರೆ ಪುನಃ ಓಲಾಟ), 1000 ಪಿಕ್ಸೆಲ್ ಚೌಕಕ್ಕೆ ಇಳಿಸಿ ವೆಬ್‌ಪಿ (ಹಗುರದ ಚಿತ್ರದ ಫೈಲು) ಮಾಡಿ, ಒಂದೊಂದು 60 ಕೆಬಿ ಒಳಗೆ ಬಂದ್ರೆ ಒಟ್ಟು 2 ಎಂಬಿ ಚಿಲ್ರೆ. ಪೇಜು ತೆರೆದಾಗ ಎದುರಿನ ಒಂದು ಫೋಟೋ ಮಾತ್ರ ಬರ್ಲಿ, ಉಳಿದ 35 ಫೋಟೋ ನೋಡುವವರು ಮುಟ್ಟಿದ ಮೇಲೆ ಇಳಿಯುವ ಹಾಗೆ ಇರ್ಲಿ.

ಇದಕ್ಕೆ ವರ್ಡ್‌ಪ್ರೆಸ್ ಪ್ಲಗಿನ್ (ಸೈಟಿಗೆ ಸೇರಿಸುವ ರೆಡಿ ಸಾಫ್ಟ್‌ವೇರ್) ಬೇಕಾದಷ್ಟು ಸಿಗ್ತದೆ, ಕೊನೆಯ ಅಪ್‌ಡೇಟ್ ಯಾವಾಗ ಅಂತ ನೋಡಿ ಹಾಕಿ. ಅಡೋಬಿ ಫ್ಲ್ಯಾಶ್ (ಕ್ಯಾಮೆರಾದ್ದಲ್ಲ, ಬ್ರೌಸರಲ್ಲಿ ಓಡ್ತಿದ್ದ ಹಳೇ ಸಾಫ್ಟ್‌ವೇರ್) ಬೇಕು ಅನ್ನುವ ಹಳೇ ಪಾಠ ಸಿಕ್ಕಿದ್ರೆ ಅದನ್ನು ಬಿಡಿ, ಫ್ಲ್ಯಾಶ್ 2020ರ ಡಿಸೆಂಬರಿಗೇ ನಿಂತಿದೆ. ಯಾರಾದ್ರೂ ಹುಡುಗ್ರು ಜಾವಾಸ್ಕ್ರಿಪ್ಟಲ್ಲಿ ಬರೆದು ಕೊಡುದಾದ್ರೆ ಇನ್ನೂ ಒಳ್ಳೇದು, ಬೆರಳು 8 ಪಿಕ್ಸೆಲ್ ಸರಿದ್ರೆ ಒಂದು ಫೋಟೋ ಮುಂದೆ, 36 ಮುಗಿದ್ರೆ ಪುನಃ 1, ಲೆಕ್ಕ ಅಷ್ಟೇ, ಸುಮಾರು 290 ಪಿಕ್ಸೆಲಿಗೆ ಒಂದು ಸುತ್ತು ಆಗ್ತದೆ. ಅವರಿಗೆ ಒಂದು ಮಾತು ತಪ್ಪದೆ ಹೇಳಿ: ಸಿಎಸ್ಎಸ್‌ನಲ್ಲಿ ಟಚ್-ಆಕ್ಷನ್ ಪ್ಯಾನ್-ವೈ (touch-action: pan-y) ಹಾಕ್ಬೇಕು, ಅಂದ್ರೆ ಬೆರಳು ಮೇಲೆ ಕೆಳಗೆ ಎಳೆದ್ರೆ ಪೇಜು ಸರಿಯಬೇಕು. ಪೂರ್ತಿ ನನ್ (none) ಅಂತ ಹಾಕಿಬಿಟ್ರೆ ಕಿರೀಟದ ಮೇಲೆ ಬೆರಳಿಟ್ಟವರಿಗೆ ಪೇಜು ಕೆಳಗೆ ಸರಿಸ್ಲಿಕ್ಕೇ ಆಗುದಿಲ್ಲ, ರೇಟು ನೋಡುವ ಮೊದಲೇ ಬಿಟ್ಟು ಹೋಗ್ತಾರೆ. ಅಡಿಯಲ್ಲಿ "ಎಳೆದು ತಿರುಗಿಸಿ" ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಬರೀರಿ.

ಅಪ್ಪನ ದೊಡ್ಡ ಕಿರೀಟಕ್ಕೆ ಕೇಕ್ ಸ್ಟ್ಯಾಂಡ್ ಸಾಕಾಗುದಿಲ್ಲ, ತಿರುಗುವ ಸ್ಟೂಲಿಗೆ ಹಲಗೆ ಬಿಗಿದು ಇಡಿ, ಒಬ್ರು ಹಿಡ್ಕೊಂಡು ನಿಧಾನ ತಿರುಗಿಸ್ಲಿ. ಹಳೇ ಬೇಗಡೆ ಎದ್ದಿದ್ರೆ ಅಂಟಿಸ್ಲಿಕ್ಕೆ ಹೋಗ್ಬೇಡಿ, ಹಾಗೇ ತೆಗೀರಿ. ಹಿಂದೆ ಹಗ್ಗ ಕಟ್ಟುವ ಜಾಗದ್ದು ಮಾತ್ರ ಹತ್ತಿರದಿಂದ ಬೇರೆಯೇ ಒಂದು ಫೋಟೋ ಹಾಕಿ, ಅಪ್ಪನ ಕೈ ಕಾಣುವುದು ಅಲ್ಲಿ.

ಪ್ರಶ್ನೆ: ನಾವು ಬದಿಯಡ್ಕದಲ್ಲಿ ಅಡಿಕೆ ಹಾಳೆ ತಟ್ಟೆ ಮಾಡುವವರು. ನಮ್ಗೂ ತಿರುಗುವ ಫೋಟೋ ಬೇಕಾ, ಅಲ್ಲ ಜಿಫ್ ಮಾಡಿ ಹಾಕಿದ್ರೆ ಸಾಕಾ?

ಉತ್ತರ: ಎರಡೂ ಬೇಡ ಅಕ್ಕ. ಜಿಫಲ್ಲಿ ಒಂದು ಚಿತ್ರಕ್ಕೆ 256 ಬಣ್ಣ ಮಾತ್ರ, ಹಾಳೆಯ ಗೆರೆಗೆರೆ ಬಣ್ಣವೆಲ್ಲ ಹಾಳಾಗ್ತದೆ, ಮತ್ತೆ ನೋಡುವವರಿಗೆ ಬೇಕಾದಲ್ಲಿ ನಿಲ್ಲಿಸ್ಲಿಕ್ಕೂ ಬರುದಿಲ್ಲ. ತಟ್ಟೆಯ ಮೇಲೊಂದು, ಅಡಿಯದ್ದೊಂದು, ಆಳ ಗೊತ್ತಾಗುವ ಹಾಗೆ ಸ್ಕೇಲ್ ಹಿಡಿದು ಸೈಡಿಂದೊಂದು, ಸಾರು ಬಡಿಸಿದ್ದೊಂದು. ನಾಲ್ಕು ಫೋಟೋ ಸಾಕು.